ಕಾರ್ಡಿನ ಒಡೆಯರು ಖುದ್ದಾಗಿ ಬರತಕ್ಕದ್ದು

ಮಣ್ಣು ಮಾಡಿ ಮುಗಿದ ಮೇಲೆ ನೆಂಟರೆಲ್ಲ ಸೋಮವಾರ ಸಂಜೆ ಬಸ್ಸು ಹತ್ತಿದರು. ಮಂಗಳವಾರ ಬೆಳಿಗ್ಗೆ ಅಂಗಳದಲ್ಲಿ ಯಾರೂ ಇರಲಿಲ್ಲ. ಗಂಡಸರು ನಾಲ್ಕು ದಿನ ಸುತ್ತ ಕೂತಿದ್ದ ಬೆಂಕಿಯ ಬೂದಿ ಮಾತ್ರ ಇತ್ತು. ಗಣಿ ಕಾರ್ಮಿಕರ ನಮ್ಮ ಚಿಬೊಟೆ ಕಾಲೋನಿಯಲ್ಲಿ ನಲ್ಲಿ ಆರು ಗಂಟೆಗೆ ಬರುತ್ತದೆ, ಆರೂವರೆಗೆ ನಿಲ್ಲುತ್ತದೆ. ಯಾರು ಸತ್ತರೂ ಅದು ಬದಲಾಗುವುದಿಲ್ಲ. ಎರಡು ಬಕೆಟ್ ಹಿಡಿದೆ. ಬೂದಿ ಗುಡಿಸಿದೆ.

ಮನೆಯಲ್ಲಿ ಜಾಗ ಜಾಸ್ತಿಯಾಗಿತ್ತು. ನನ್ನ ಗಂಡ ಕಟೊಂಗೊನ ಅಣ್ಣಂದಿರು ಟಿವಿಯನ್ನು ತಮ್ಮನ ನೆನಪಿಗೆಂದು ಒಯ್ದಿದ್ದರು. ಫ್ರಿಜ್ಜನ್ನೂ ನೆನಪಿಗೆಂದೇ ಒಯ್ದಿದ್ದರು. ಹಾಸಿಗೆಯನ್ನು ಬಿಟ್ಟುಹೋಗಿದ್ದರು. ಅವನು ಜ್ವರ ಬಂದು ಮಲಗಿದ್ದ ಹಾಸಿಗೆ ಅದು. ಅಷ್ಟು ನೆನಪು ಅವರಿಗೆ ಬೇಕಿರಲಿಲ್ಲ.

ಬಾಗಿಲ ಹಿಂದೆ ಒಂದು ಗಿಡ್ಡ ಸ್ಟೂಲು ಉಳಿದಿತ್ತು. ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿದ ಮರದ ಸ್ಟೂಲು. ದೊಡ್ಡ ಭಾವ ಅದಕ್ಕೂ ಕೈ ಹಾಕಿದ್ದರು. "ಅದು ನಮ್ಮದಲ್ಲ" ಅಂದೆ. ಆ ನಾಲ್ಕು ದಿನದಲ್ಲಿ ನಾನು ಆಡಿದ ಉದ್ದದ ಮಾತು ಅದೇ ಇರಬೇಕು.

ಸ್ಟೂಲು ಬನಾ ಮುತಾಲೆಯದು, ಅಂದರೆ ಮುತಾಲೆಯ ತಾಯಿಯದು. ಹಳೇ ಫುಟ್‌ಬಾಲ್ ಮೈದಾನದ ಗೇಟಿನ ಪಕ್ಕದಲ್ಲಿ ಒಲೆ ಹೂಡಿ, ಮೈದಾ ಸಕ್ಕರೆ ಕಲಸಿದ ಹಿಟ್ಟನ್ನು ಎಣ್ಣೆಗೆ ಬಿಟ್ಟು ವಿತುಂಬುವಾ ಕರಿದು ಮಾರುತ್ತಿದ್ದವಳು. ಇಪ್ಪತ್ತೆರಡು ವರ್ಷ ಆ ಸ್ಟೂಲಿನ ಮೇಲೆ ಕೂತಿದ್ದಳು. ಹಳೇ ಮೈದಾನದ ಕೊನೆಯ ಪಂದ್ಯದ ದಿನ ಡೋಲು ಬಾರಿಸುವ ಚಿಪಾಶಾ ತಾತನಿಗೆ ಕೂರಲು ಅಂತ ಕಟೊಂಗೊ ಅದನ್ನು ಕೇಳಿ ಇಸಿದುಕೊಂಡಿದ್ದ. ಕಾಲು ಸಡಿಲವಾಗಿದೆ, ಸರಿಮಾಡಿ ಕೊಡುತ್ತೇನೆ ಅಂತ ಮನೆಗೆ ತಂದ. ಇವತ್ತೇ ಕೊಟ್ಟುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಬೇಲಿಯಾಚೆ ಕೆಮ್ಮು ಕೇಳಿಸಿತು.

ಚಿಪಾಶಾ ತಾತನ ಕೆಮ್ಮು. ಮೂವತ್ತು ವರ್ಷ ಗಣಿಯ ಕೆಳಗೆ ದುಡಿದವರು ಬಾಗಿಲು ತಟ್ಟಬೇಕಿಲ್ಲ. ತಾತನ ಹಿಂದೆ ಅವರ ಮೊಮ್ಮಗ ಚಿಸೆಂಗಾ, ಫೋನ್ ರಿಪೇರಿಯವನು. ಅವನ ಹಿಂದೆ ಬನಾ ಮುತಾಲೆ. ಕೊನೆಗೆ ಸೊಕೊ.

"ಎದ್ಯೇನೇ, ನನ್ನ ಹೆಂಡ್ತಿ?" ಅಂದ ಸೊಕೊ.

ಸೊಕೊ ಗಣಿ ಬಸ್ಸಿನ ಡ್ರೈವರು. ನ್ಗೋನಿ ಬುಡಕಟ್ಟಿನವನು. ನಾವು ಬೆಂಬಾದವರು. ಹಿಂದೆ ಯಾವಾಗಲೋ ಅವರಿಗೂ ನಮಗೂ ಯುದ್ಧಗಳಾಗಿ, ಈಗ ಬೈಗುಳ ಮಾತ್ರ ಉಳಿದಿದೆ. ಅವರು ನಮ್ಮ ಹೆಂಗಸರನ್ನು ಹೆಂಡ್ತಿ ಅನ್ನಬಹುದು, ನಮ್ಮನ್ನು ಕೋತಿ ತಿನ್ನುವವರು ಅನ್ನಬೇಕು, ನಾವು ಅವರನ್ನು ಇಲಿ ತಿನ್ನುವವರು ಅನ್ನಬೇಕು. ನಮ್ಮ ಸಾವಿನ ಮನೆಯಲ್ಲಿ ಗುಂಡಿ ತೋಡುವವರು ಅವರು, ಪೆಟ್ಟಿಗೆ ಹೊರುವವರು ಅವರು, ಅಳುವವರನ್ನು ಅಣಕಿಸುವವರೂ ಅವರೇ. ಯಾರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಕೋಪ ಬಂದವರು ಒಂದು ಕೋಳಿ ದಂಡ ತೆರಬೇಕು. ಮಣ್ಣಿನ ದಿನ ಸೊಕೊ ಕಟೊಂಗೊನ ಅಂಗಿ ತೊಟ್ಟು, ಅವನ ಹಾಗೇ ಒಂದು ಭುಜ ಎತ್ತಿ ನಡೆದು, "ಚೊಲಾ, ನನ್ನ ಕಾಲುಚೀಲ ಎಲ್ಲಿಟ್ಟೆ?" ಅಂತ ಕೂಗಿದ್ದ. ಇಡೀ ಅಂಗಳ ನಕ್ಕಿತು. ನಾನೂ ನಕ್ಕೆ. ಅಳು ಇನ್ನೂ ಬಂದಿರಲಿಲ್ಲ.

"ಊಟ ಮಾಡ್ತಿದೀಯಾ, ಮಗಳೇ?" ಚಿಪಾಶಾ ತಾತ ಕೇಳಿದರು.

"ಮಾಡ್ತಿದೀನಿ, ತಾತ."

"ನೀರು ಬಂತಾ?"

"ಬಂತು."

"ಮಳೆ ಬರೋ ಹಂಗೈತೆ, ಅಲ್ವಾ?"

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬನಾ ಮುತಾಲೆ ಸೊಂಟಕ್ಕೆ ಸುತ್ತಿದ ತನ್ನ ಚಿತೆಂಗೆ ಬಟ್ಟೆಯ ಅಂಚನ್ನು ನೋಡುತ್ತಿದ್ದಳು. ಚಿಸೆಂಗಾ ಫೋನು ನೋಡುತ್ತಿದ್ದ.

ಸೊಕೊ ತಡೆಯಲಾರದೆ ಅಂದ, "ನೋಡು ಚೊಲಾ. ನಿನ್ನ ಗಂಡ ಸತ್ತಿದ್ದು ದೊಡ್ಡ ಮಾತಲ್ಲ, ಎಲ್ಲರ ಗಂಡಂದಿರೂ ಸಾಯ್ತಾರೆ. ಅವನ ಕಾರ್ಡು ಎಲ್ಲಿ?"

"ಥೂ ನಿನ್ನ!" ಅಂದಳು ಬನಾ ಮುತಾಲೆ. ಆದರೆ ನಾಲ್ವರೂ ನನ್ನ ಮುಖ ನೋಡಿದರು.

ಕಾರ್ಡು ನನ್ನ ಬೈಬಲ್ಲಿನೊಳಗಿತ್ತು. ತಂದು ಚಾಪೆಯ ಮೇಲಿಟ್ಟೆ. ನೀಲಿ ಬಣ್ಣದ್ದು, ಅಂಗೈಗಿಂತ ಚಿಕ್ಕದು. ಇಪ್ಪತ್ತಾರು ಜನರ ವರ್ಷದ ಫುಟ್‌ಬಾಲು ಅದರೊಳಗಿತ್ತು.

ಹಳೇ ಮೈದಾನದಲ್ಲಿ ನಮ್ಮದೊಂದು ಸಾಲು. ಡೋಲಿನ ಸಾಲು ಅಂತಲೇ ಹೆಸರು. ಎಲ್ಲರೂ ದುಡ್ಡನ್ನು ಒಬ್ಬನ ಕೈಗೆ ಕೊಡುವುದು ರೂಢಿ. ಅವನು ಗೇಟಿನಲ್ಲಿ "ಇಪ್ಪತ್ತಾರು" ಅನ್ನುವುದು. ಕಾವಲುಗಾರ ಒಬ್ಬೊಬ್ಬರ ಭುಜ ಮುಟ್ಟಿ ಒಳಗೆ ಬಿಡುವುದು. ಮೊದಲ ಭುಜ ಚಿಪಾಶಾ ತಾತನದು, ಡೋಲು ಅವರದಾದ್ದರಿಂದ. ಅವರು ಬಾರಿಸುವವರೆಗೆ ನಮ್ಮ ತಂಡ ಚಿಬೊಟೆ ಮೈನರ್ಸ್‌ನ ಪಂದ್ಯದಲ್ಲಿ ಯಾರೂ ಹಾಡು ಎತ್ತುವುದಿಲ್ಲ. ನಲವತ್ತೊಂದು ವರ್ಷದಿಂದ ಹಾಗೇ.

ಈಗ ಹೊಸ ಕ್ರೀಡಾಂಗಣ ಬಂದಿದೆ. ನಡೆಸುವುದು ಹೊರಗಿನ ಒಂದು ಕಂಪನಿ. ಅಲ್ಲಿ ಕ್ವಾಚಾ ನೋಟು ನಡೆಯುವುದಿಲ್ಲ. ಫೋನಿನಲ್ಲಿ ಕಳಿಸುವ ದುಡ್ಡೂ ನಡೆಯುವುದಿಲ್ಲ. ಕಂಪನಿಯದೇ ಕಾರ್ಡು ಬೇಕು. ಕಾರ್ಡಿಗೆ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಒಳ್ಳೆಯ ಫೋನು ಮೂರೂ ಬೇಕು. ಸಾಲಿನಲ್ಲಿ ಮೂರೂ ಇದ್ದದ್ದು ಕಟೊಂಗೊಗೆ ಮಾತ್ರ. ಅವನು ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಗುಂಪು ಕಾರ್ಡು ಅಂತ ಒಂದಿದೆ ಅಂದರು: ಒಡೆಯ ಗೇಟಿನಲ್ಲಿ ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಅವನ ಹಿಂದೆ ಮೂವತ್ತು ಜನದವರೆಗೆ ಒಳಗೆ ಹೋಗಬಹುದು. ಇದು ನಮ್ಮದೇ ರೂಢಿಯಲ್ಲವೇ ಅಂತ ಎಲ್ಲರಿಗೂ ಸಂತೋಷವಾಯಿತು. ವರ್ಷದ ಎಲ್ಲ ಪಂದ್ಯಗಳ ದುಡ್ಡನ್ನೂ ಒಟ್ಟಿಗೆ ತುಂಬಿಸಿದರು.

ಹನ್ನೊಂದು ಪುಟದ ನಿಯಮಗಳನ್ನು ಅವರಿಗೆ ಓದಿ ಹೇಳಿದವಳು ನಾನು. ವಿಶ್ವವಿದ್ಯಾಲಯಕ್ಕೆ ಹೋಗಿಬಂದವಳು ನಾನೊಬ್ಬಳೇ. ಇದೇ ಚಾಪೆಯ ಮೇಲೆ ಕೂತು ಓದಿದ್ದೆ. ಹನ್ನೊಂದನೇ ಪುಟದಲ್ಲಿತ್ತು: ಒಡೆಯ ಅರವತ್ತು ದಿನ ಕಾರ್ಡು ಬಳಸದಿದ್ದರೆ ಅದರಲ್ಲಿರುವುದು ಕಂಪನಿಗೆ ಸೇರುತ್ತದೆ.

"ಒಡೆಯ ಸತ್ರೆ?" ಅಂತ ಅವತ್ತು ಸೊಕೊ ಕೇಳಿದ್ದ.

"ಸತ್ರೆ ನಾನೇ ಎದ್ದು ಬಂದು ಕ್ಯಾಮೆರಾ ನೋಡ್ತೀನಿ. ಪುಟ ತಿರುಗಿಸು, ಚೊಲಾ," ಅಂದಿದ್ದ ಕಟೊಂಗೊ.

ಎಲ್ಲರೂ ನಕ್ಕಿದ್ದರು. ನಾನು ಪುಟ ತಿರುಗಿಸಿದ್ದೆ. ಅದೇ ಕೊನೆಯ ಪುಟವಾಗಿತ್ತು.

"ಶನಿವಾರ ಮೊದಲ ಪಂದ್ಯ," ಅಂದರು ಚಿಪಾಶಾ ತಾತ. "ಮಂತ್ರಿ ಬರ್ತಾನಂತೆ. ಟಿವಿಯವ್ರು ಬರ್ತಾರಂತೆ. ನಾವು ಒಳಗೆ ಹೋಗೋದು ಹೆಂಗೆ ಅಂತ…"

"ಇನ್ನೊಂದು ಗುಂಪು ಕಾರ್ಡು ಮಾಡಿಸ್ಬಹುದು ತಾತ," ಅಂದ ಚಿಸೆಂಗಾ.

"ಮಾಡ್ಸು. ದುಡ್ಡು ನಿನ್ನ ಅಪ್ಪ ಕೊಡ್ತಾನಾ? ಇದ್ದಿದ್ದೆಲ್ಲ ಇದ್ರೊಳಗೈತೆ," ಅಂದ ಸೊಕೊ.

"ನೋಡಿ, ಒಂದು ತಪ್ಪಾಯ್ತು ಅಂತ ಪದ್ಧತೀನೇ ಕೆಟ್ಟದ್ದು ಅನ್ಬೇಡಿ," ಅಂದ ಚಿಸೆಂಗಾ. ಅವನು ಡೋಲಿನ ಸಾಲಿಗೆ ಸೇರದೆ ತನ್ನದೇ ಕಾರ್ಡು ಮಾಡಿಸಿಕೊಂಡಿದ್ದ. "ಹಳೇ ಗೇಟಲ್ಲಿ ಎಷ್ಟು ಜನರ ಜೇಬು ಹೋಯ್ತು? ಕಾವಲುಗಾರ ನೂರು ಜನರನ್ನ ಬಿಟ್ಟು ಅರವತ್ತು ಅಂತ ಬರೀತಿದ್ದ. ಇದ್ರಲ್ಲಿ ಕಳ್ಳತನವೇ ಇಲ್ಲ."

"ಆ ಕಾವಲುಗಾರ ಕದ್ದಿದ್ದು ಕ್ಲಬ್ಬಿಂದ. ನನ್ನಿಂದಲ್ಲ," ಅಂದ ಸೊಕೊ. "ಇವರು ನನ್ನಿಂದಲೇ ಕದ್ದು, ಚೀಟೀನೂ ಕೊಡ್ತಾರೆ."

"ಒಳಗೆ ತಿಂಡಿಗೂ ಕಾರ್ಡೇ. ಚಿಲ್ರೆ ಜಗಳ ಇಲ್ಲ."

"ಹೌದಪ್ಪಾ, ಚಿಲ್ರೆ ಜಗಳ ಇಲ್ಲ, ಯಾಕಂದ್ರೆ ನಾನೇ ಇಲ್ಲ," ಅಂದಳು ಬನಾ ಮುತಾಲೆ. "ಯಂತ್ರ ಇಟ್ಕೊಂಡೋರು ಮಾತ್ರ ಮಾರ್ಬೇಕಂತೆ. ನಗದು ವ್ಯಾಪಾರ ಗೇಟಿಂದ ಇನ್ನೂರು ಹೆಜ್ಜೆ ಆಚೆ ಅಂತೆ. ನನ್ನ ಬಾಣಲೆಗೆ ತೂತು ಮಾಡಿ ಕಾರ್ಡು ತೂರ್ಸ್ಲಾ?"

"ಯಾರ ಹೆಜ್ಜೆ?" ಚಿಪಾಶಾ ತಾತ ಕೇಳಿದರು.

"ಏನು?"

"ಇನ್ನೂರು ಹೆಜ್ಜೆ ಅಂತೀಯಲ್ಲ. ಯಾರ ಹೆಜ್ಜೆ? ನನ್ನ ಹೆಜ್ಜೆ ಈಗ ಗೇಣುದ್ದ."

ಆ ಬೆಳಿಗ್ಗೆ ಮೊದಲ ಸಲ ಬನಾ ಮುತಾಲೆ ನಕ್ಕಳು. ನಾನು ಕಾರ್ಡು ಎತ್ತಿಕೊಂಡೆ. ನಾಳೆ ಕಂಪನಿಯ ಕಚೇರಿಗೆ ಹೋಗಿಬರುತ್ತೇನೆ ಅಂದೆ. ಸೊಕೊ ಜೊತೆಗೆ ಬರುತ್ತೇನೆ ಅಂದ. ಸ್ಟೂಲಿನ ವಿಷಯ ಮರೆತೇಹೋಯಿತು.

ಬುಧವಾರ ಹೋದೆವು. ಗಾಜಿನ ಬಾಗಿಲು, ಒಳಗೆ ತಂಪು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಪರದೆ ನೋಡಿದಳು.

"ಕಾರ್ಡಿನ ಒಡೆಯರು ಖುದ್ದಾಗಿ ಬರ್ಬೇಕು, ಮೇಡಂ."

"ತೀರ್ಕೊಂಡಿದ್ದಾರೆ."

"ಅಯ್ಯೋ. ಬೇಜಾರಾಯ್ತು, ಮೇಡಂ." ನಿಜವಾಗಿಯೂ ಬೇಜಾರಾದ ಹಾಗೆ ಕಂಡಳು. ಮತ್ತೆ ಪರದೆ ನೋಡಿದಳು. "ಯಾವಾಗ ಬರಬಹುದು?"

ನಾನು ಸೊಕೊನ ಕಡೆ ತಿರುಗಿದೆ.

"ಇಲ್ಲಿ ತಾರೀಕು ಹಾಕದೆ ಮುಂದಕ್ಕೆ ಹೋಗಲ್ಲ, ಮೇಡಂ. ನಾನೇನು ಮಾಡ್ಲಿ."

"ಶನಿವಾರ ಅಂತ ಹಾಕಮ್ಮ," ಅಂದ ಸೊಕೊ. "ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಅವನು ಏಳೋದು ತಡ."

ಹುಡುಗಿ ಹಾಕಿದಳು. ಯಂತ್ರ ಚೀಟಿ ಉಗುಳಿತು. ಕಟೊಂಗೊನ ಹೆಸರು, ಶನಿವಾರ, ಎರಡು ಗಂಟೆ, ಮುಖ್ಯ ಗೇಟು. ಕೆಳಗೆ ದಪ್ಪಕ್ಷರದಲ್ಲಿ: ಕಾರ್ಡಿನ ಒಡೆಯರು ಖುದ್ದಾಗಿ ಬರತಕ್ಕದ್ದು. ಸೊಕೊ ಅದನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡ.

ಒಳಗಿನಿಂದ ಮ್ಯಾನೇಜರ್ ಬಂದರು. ಎದೆಯ ಮೇಲೆ ಹೆಸರು: ಶಾವಾ. ನ್ಗೋನಿ ಹೆಸರು. ನಾನು ವಿಷಯ ಹೇಳಿದೆ.

"ವಾರಸುದಾರರಿಗೆ ಬೇರೆ ವ್ಯವಸ್ಥೆ ಇದೆ, ಮೇಡಂ. ಮರಣ ಪತ್ರ, ನ್ಯಾಯಾಲಯದ ಪತ್ರ ತಂದು ಅರ್ಜಿ ಹಾಕಿ. ತೊಂಬತ್ತು ದಿನದಲ್ಲಿ ಇತ್ಯರ್ಥ ಆಗುತ್ತೆ."

"ಅರವತ್ತು ದಿನಕ್ಕೆ ದುಡ್ಡು ನಿಮಗೆ ಸೇರುತ್ತೆ."

"ಅದು ಬೇರೆ ನಿಯಮ."

"ಎರಡೂ ಒಂದೇ ಪುಟದಲ್ಲಿದೆ, ಸರ್."

"ಹಾಗಾದ್ರೆ ಓದಿಯೇ ಸಹಿ ಮಾಡಿದ್ದೀರಿ," ಅಂದರು ಶಾವಾ. "ಒಳ್ಳೇದು."

ಸೊಕೊ ನನ್ನ ಮೊಣಕೈ ತಿವಿದ. ಕಿವಿಯ ಹತ್ತಿರ ಬಂದು ಅಂದ, "ಅವನು ನಮ್ಮವನು. ನಾನು ಬೈಯೋ ಹಂಗಿಲ್ಲ. ನೀನು ಬೈ. ನಿನ್ನ ಹಕ್ಕು."

ಬೈಯುವುದು ಹೇಗೆ ಅಂತ ಒಂದು ಕ್ಷಣ ಮರೆತಿತ್ತು. ಆಮೇಲೆ ಬಾಯಿಗೆ ಬಂತು.

"ಕಣಜಕ್ಕೆ ಇಲಿ ಬೀಳೋದು ಕೇಳಿದ್ದೆ, ಶಾವಾ ಅವರೇ. ಇಲಿ ತಿನ್ನೋರು ಕಾವಲಿದ್ದೂ ಕಣಜ ಖಾಲಿ ಆಗೋದು ಇವತ್ತೇ ನೋಡಿದ್ದು. ಊರಲ್ಲಿ ಇಲಿಗೂ ಬರವೇ?"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಈ ಮಾತಿಗೆ ಶಾವಾ ನಗಬೇಕಿತ್ತು. 'ಕೋತಿ ಸಾರು ಉಂಡು ಬಾಯಿ ಚುರುಕಾಗಿದೆ' ಅಂತಲೋ ಏನೋ ಅನ್ನಬೇಕಿತ್ತು. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು; ನಾನು ಅರ್ಜಿ ಬರೆದು ಬರುತ್ತಿದ್ದೆನೇನೋ. ಅವರ ಮುಖ ಬಿಗಿಯಿತು.

"ಇದು ಕಚೇರಿ. ಇಲ್ಲಿ ನಾನು ನ್ಗೋನಿಯೂ ಅಲ್ಲ, ಯಾರ ನೆಂಟನೂ ಅಲ್ಲ. ನಿಮ್ಮ ಹಳ್ಳಿ ಆಟ ಹೊರಗಿಟ್ಕೊಳ್ಳಿ. ಸೆಕ್ಯೂರಿಟಿ!"

"ಕೋಪ ಬಂತು!" ಸೊಕೊ ಚಪ್ಪಾಳೆ ತಟ್ಟಿ ಕುಣಿದ. "ಸಾವಿನ ಮನೆ ಹೆಣ್ಣಿನ ಮೇಲೆ ಕೋಪ ಮಾಡ್ಕೊಂಡ! ಕೋಳಿ! ಒಂದು ಕೋಳಿ!"

ಸೆಕ್ಯೂರಿಟಿಯವನು ಬೆಂಬಾದವನು. ನಮ್ಮನ್ನು ಹೊರಗೆ ಕಳಿಸುವಾಗ ಅವನೂ ಪಿಸುಗುಟ್ಟಿದ, "ಹುಂಜ ಕೇಳಿ."

ಸಂಜೆಯೊಳಗೆ ಸುದ್ದಿ ಕಾಲೋನಿಯೆಲ್ಲ ಹಬ್ಬಿತು. ಕಾರ್ಡಿನ ದುಡ್ಡಿನ ಕಥೆ ಹೇಳಿದಾಗ ಜನ ತಲೆಯಾಡಿಸಿ ಸುಮ್ಮನಾಗಿದ್ದರು. ದುಡ್ಡು ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನ್ಗೋನಿಯವನೊಬ್ಬ ಬೆಂಬಾ ವಿಧವೆಯ ಗೇಲಿಗೆ ಕೋಪಗೊಂಡ ಅನ್ನುವುದನ್ನು ಯಾರೂ ಕೇಳಿರಲಿಲ್ಲ. ನಾಚಿಕೆಯಾದದ್ದು ನ್ಗೋನಿಯವರಿಗೇ. ಗುರುವಾರ ಆರು ಜನ ಬಸ್ ಡ್ರೈವರುಗಳು ನಮ್ಮ ಅಂಗಳಕ್ಕೆ ಬಂದರು. ಎಲ್ಲರೂ ನ್ಗೋನಿಗಳು.

"ಪೆಟ್ಟಿಗೆ ಎಲ್ಲೈತೆ?" ಅಂದರು.

ಪೆಟ್ಟಿಗೆ ಚಿಪಾಶಾ ತಾತನ ಕೋಳಿಗೂಡಿನ ಮೇಲಿತ್ತು. ಎದುರು ಊರಿನ ತಂಡದ ಜೊತೆ ಪಂದ್ಯವಿದ್ದಾಗ ಅವರನ್ನು ಹೂಳುತ್ತೇವೆ ಅಂತ ಹೊರುವ ಸುಳ್ಳು ಶವಪೆಟ್ಟಿಗೆ ಅದು. ಕಟೊಂಗೊ ಎರಡು ವರ್ಷದ ಹಿಂದೆ ಅದರ ಸುತ್ತ ಪುಟ್ಟ ಬಲ್ಬುಗಳನ್ನು ಕೂರಿಸಿದ್ದ. ಸೊಕೊ ನನ್ನ ಎದುರು ನಿಂತ. ಆ ಹೊತ್ತು ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

"ಬೇಡ ಅಂದ್ರೆ ಬೇಡ, ಚೊಲಾ."

"ಅವನ ಜರ್ಸಿ ಒಗೆದಿದೆ," ಅಂದೆ. "ಇಸ್ತ್ರಿ ಆಗಿಲ್ಲ."

"ಪರವಾಗಿಲ್ಲ. ಅವನು ಯಾವತ್ತು ಇಸ್ತ್ರಿ ಹಾಕಿದ್ದ?"

ಶನಿವಾರ ಒಂದೂವರೆಗೆ ಹೊರಟೆವು. ಮುಂದೆ ಚೀಟಿ ಹಿಡಿದ ಸೊಕೊ, ಹಿಂದೆ ಆರು ಡ್ರೈವರುಗಳ ಹೆಗಲ ಮೇಲೆ ಪೆಟ್ಟಿಗೆ, ಅದರ ಮೇಲೆ ಕಟೊಂಗೊನ ಹಸಿರು ಜರ್ಸಿ. ಬಲ್ಬುಗಳು ಹಗಲಲ್ಲೂ ಮಿಣಮಿಣ ಅನ್ನುತ್ತಿದ್ದವು. ಅದರ ಹಿಂದೆ ಡೋಲಿನ ಸಾಲು. ಕೊನೆಗೆ ನಾನು. ನನ್ನ ಕಂಕುಳಲ್ಲಿ ಸ್ಟೂಲು. ಹೊರಡುವಾಗ ಬಾಗಿಲ ಹಿಂದೆ ಕಣ್ಣಿಗೆ ಬಿದ್ದಿತ್ತು.

ದಾರಿಯಲ್ಲಿ ಬನಾ ಮುತಾಲೆಯ ಒಲೆ ಸಿಕ್ಕಿತು. ಗೇಟಿನಿಂದ ಇನ್ನೂರ ಒಂದನೇ ಹೆಜ್ಜೆಯಲ್ಲಿ, ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಕೂತಿದ್ದಳು. ಅಳೆದದ್ದು ಚಿಪಾಶಾ ತಾತನ ಹೆಜ್ಜೆಯಲ್ಲಿ. ಹಾಗಾಗಿ ಗೇಟು ಕೂಗಿದರೆ ಕೇಳುವಷ್ಟು ಹತ್ತಿರವೇ ಇತ್ತು. ಸೆಕ್ಯೂರಿಟಿಯವನು ಬೆಳಿಗ್ಗೆ ಎರಡು ಸಲ ಬಂದು ಕೇಳಿದನಂತೆ. "ಎಣಿಸ್ಕೋ ಅಂದೆ. ತಾತನ ಜೊತೆ ನಡ್ಕೊಂಡು ಎಣಿಸ್ದ. ಇನ್ನೂರೊಂದೇ ಬಂತು. ಎರಡು ವಿತುಂಬುವಾ ತಿಂದು ಹೋದ," ಅಂದಳು. ಅವಳು ಎರಡು ಇಟ್ಟಿಗೆ ಜೋಡಿಸಿ ಅದರ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಸ್ಟೂಲು ಕೊಡಲು ಹೊರಟೆ. ಅಷ್ಟರಲ್ಲಿ ಸೊಕೊ ಕೂಗಿದ, ಎರಡು ಗಂಟೆಯಾಯಿತು.

ಗೇಟಿನಲ್ಲಿ ಸೊಕೊ ಚೀಟಿ ಕೊಟ್ಟ. ಕಾವಲಿನವನು ಚೀಟಿ ನೋಡಿದ, ಪೆಟ್ಟಿಗೆ ನೋಡಿದ. ಚೀಟಿ ಸರಿಯಾಗಿತ್ತು. ಕಂಪನಿಯದೇ ಮುದ್ರೆ. ದಾರಿ ಬಿಟ್ಟ. ನಾನು ಕಾರ್ಡನ್ನು ಯಂತ್ರಕ್ಕೆ ತಾಗಿಸಿದೆ.

ಪರದೆ ಬೆಳಗಿತು. ಕಟೊಂಗೊ ನಗುತ್ತಿದ್ದ. ನಮ್ಮ ಮನೆಯ ಬಾಗಿಲಲ್ಲಿ ನಿಲ್ಲಿಸಿ ನಾನೇ ತೆಗೆದ ಫೋಟೋ. ಅಲ್ಲಾಡಬೇಡ ಅಂದಿದ್ದೆ, ಅಲ್ಲಾಡಿದ್ದ. ಒಂದು ಕಿವಿ ಮಸುಕಾಗಿತ್ತು.

"ಸ್ವಾಗತ, ಕಟೊಂಗೊ," ಅಂದಿತು ಯಂತ್ರ. "ದಯವಿಟ್ಟು ಕ್ಯಾಮೆರಾ ನೋಡಿ."

ಡೋಲಿನ ಸಾಲು ಪೆಟ್ಟಿಗೆಯ ಹಿಂದೆ ಒತ್ತಿಕೊಂಡು ನಿಂತಿತು.

"ಮುಖ ಕಾಣುತ್ತಿಲ್ಲ. ದಯವಿಟ್ಟು ಹತ್ತಿರ ಬನ್ನಿ."

"ಹತ್ರ ಬಾ ಅಂತೈತೆ, ಎತ್ರೋ!" ಅಂದ ಸೊಕೊ. ಆರು ಜನ ಪೆಟ್ಟಿಗೆಯ ತಲೆಯ ಭಾಗವನ್ನು ಕ್ಯಾಮೆರಾದ ಮುಂದೆ ಹಿಡಿದರು.

"ದಯವಿಟ್ಟು ಟೋಪಿ, ಕನ್ನಡಕ ತೆಗೆಯಿರಿ."

"ಮುಚ್ಚಳ ತೆಗೀಬೇಕಂತೆ ಕಣ್ರೋ!"

ಹಿಂದಿನ ಸರದಿ ಉರುಳಾಡಿ ನಕ್ಕಿತು. ಕಾರ್ಡು ಹಿಡಿದು ನಿಂತವರು ಮುಂದೆ ಹೋಗುವುದು ಬಿಟ್ಟು ಸುತ್ತ ನೆರೆದರು. ಸೊಕೊ ಎದೆ ಬಡಿದುಕೊಂಡು ಅಳುವ ಹಾಗೆ ರಾಗ ಎಳೆದ: "ಖುದ್ದಾಗಿ ಬಾ ಅಂದ್ರು, ಬಂದ್ಯಲ್ಲೋ! ಎರಡು ಗಂಟೆಗೆ ಅಂದ್ರು, ಬಂದ್ಯಲ್ಲೋ! ಬದುಕಿದ್ದಾಗ ಒಂದು ದಿನ ಹೊತ್ತಿಗೆ ಬಂದೋನಲ್ಲ, ಸತ್ತ ಮೇಲೆ ಬಂದ್ಯಲ್ಲೋ!"

ಅದು ನಿಜ. ಅವನು ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ನನ್ನ ಹೊಟ್ಟೆಯಿಂದ ನಗು ಎದ್ದಿತು. ನಗುತ್ತಲೇ ಅಳು ಬಂತು. ಸ್ಟೂಲನ್ನು ಕೆಳಗಿಟ್ಟು, ಚಿತೆಂಗೆಯ ಅಂಚನ್ನು ಬಾಯಿಗೆ ಒತ್ತಿಕೊಂಡೆ. ಯಾರೂ ನನ್ನನ್ನು ನೋಡಲಿಲ್ಲ. ಚಿಪಾಶಾ ತಾತ ಮಾತ್ರ ಡೋಲನ್ನು ಸ್ವಲ್ಪ ಸರಿಸಿ ನನಗೆ ಅಡ್ಡವಾಗಿ ನಿಂತರು.

ಯಂತ್ರ ಕೆಂಪಾಯಿತು. ಗೇಟು ತೆರೆಯಲಿಲ್ಲ.

ಮೂರು ಗಂಟೆಗೆ ಒಳಗೆ ಪಂದ್ಯ ಶುರುವಾಯಿತು. ಕಾರ್ಡು ಇದ್ದವರು ಒಳಗೆ ಹೋದರು. ನಮ್ಮ ಸಾಲಿನ ಉಳಿದ ಇಪ್ಪತ್ತೈದು ಜನ, ಆರು ಡ್ರೈವರುಗಳು, ಒಂದು ಪೆಟ್ಟಿಗೆ ಗೋಡೆಯ ಹೊರಗೆ ಉಳಿದೆವು. ಯಾರದೋ ಫೋನಿನಲ್ಲಿ ರೇಡಿಯೋ ಹಚ್ಚಿದರು. ವಿವರಣೆ ಹೇಳುವವನು ಮಂತ್ರಿಯ ಕೋಟಿನ ಬಣ್ಣ ಹೇಳಿದ. ಕುರ್ಚಿಗಳ ಬಣ್ಣ ಹೇಳಿದ. ಆಮೇಲೆ ಅಂದ, "ಕೇಳುಗರೇ, ನಮ್ಮ ಮೈಕಿನಲ್ಲಿ ಏನೋ ದೋಷವಿದ್ದಂತಿದೆ. ಜನರ ಸದ್ದು ಬರುತ್ತಿಲ್ಲ. ಸರಿಪಡಿಸುತ್ತಿದ್ದೇವೆ."

ಮೈಕು ಸರಿಯಾಗಿಯೇ ಇತ್ತು. ಒಳಗೆ ಯಾರೂ ಹಾಡು ಎತ್ತಿರಲಿಲ್ಲ. ಡೋಲು ಹೊರಗಿತ್ತಲ್ಲ.

"ಬಾರಿಸಿ ತಾತ," ಅಂದೆ.

"ಆಟ ಕಾಣ್ತಿಲ್ವಲ್ಲಮ್ಮ. ಯಾವಾಗ ಬಾರಿಸ್ಲಿ?"

"ಈಗ."

ತಾತ ಕೆಮ್ಮಿ, ಉಗುಳಿ, ಬಾರಿಸಿದರು. ನಮ್ಮ ಸಾಲು ಹಾಡು ಎತ್ತಿಕೊಂಡಿತು. ಹಾಡಿನ ಎರಡನೇ ಸಾಲಿಗೆ ಗೋಡೆಯ ಒಳಗಿನಿಂದ ಉತ್ತರ ಬಂತು. ಮೊದಲು ಸಣ್ಣಗೆ, ಆಮೇಲೆ ಇಡೀ ಮೇಲ್ಸಾಲು. ತಲೆಯೆತ್ತಿ ನೋಡಿದರೆ, ಮೇಲಿನ ಅಂಚಿನಲ್ಲಿ ಜನ ಎದ್ದು ನಿಂತು ಆಟಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಹಾಡುತ್ತಿದ್ದರು. ಮೈಕು ಸರಿಹೋಯಿತು ಅಂದ ರೇಡಿಯೋದವನು.

ಅರ್ಧ ಆಟ ಮುಗಿದಾಗ ಶಾವಾ ಹೊರಗೆ ಬಂದರು. ಬೆವತಿದ್ದರು. ಜೊತೆಗೆ ಟಿವಿಯವನೊಬ್ಬನಿದ್ದ.

"ಇವತ್ತೊಂದು ದಿನ ನೀವೆಲ್ಲ ಪುಕ್ಕಟೆ ಒಳಗೆ ಬನ್ನಿ. ಮಾನವೀಯತೆ ದೃಷ್ಟಿಯಿಂದ. ಆ ಪೆಟ್ಟಿಗೆ ಮಾತ್ರ ಹೊರಗಿರ್ಲಿ."

ಡೋಲಿನ ಸಾಲು ಚಿಪಾಶಾ ತಾತನನ್ನು ನೋಡಿತು. ನಲವತ್ತೊಂದು ವರ್ಷದಲ್ಲಿ ಅವರು ಒಂದೂ ಪಂದ್ಯ ತಪ್ಪಿಸಿಕೊಂಡವರಲ್ಲ. ಗೇಟು ತೆರೆದಿತ್ತು. ಹಸಿರು ಹುಲ್ಲು ಕಾಣುತ್ತಿತ್ತು. ತಾತ ಅದನ್ನು ಬಹಳ ಹೊತ್ತು ನೋಡಿದರು.

"ಪುಕ್ಕಟೆ ಯಾಕಪ್ಪಾ?" ಅಂದರು. "ನಾವು ದುಡ್ಡು ಕೊಟ್ಟಿದೀವಿ. ನಿನ್ನ ಹತ್ರಾನೇ ಐತೆ. ಕೊಟ್ಟ ದುಡ್ಡಿಗೆ ಒಳಗೆ ಕರಿ, ಬರ್ತೀನಿ. ಭಿಕ್ಷೆಗೆ ಕರೆದ್ರೆ ನನ್ನ ಡೋಲು ಬರಲ್ಲ."

"ಅದು ನನ್ನ ಕೈಲಿಲ್ಲ. ಮೇಲಿನವರು ರಾಜಧಾನಿ ಲುಸಾಕಾದಲ್ಲಿದ್ದಾರೆ."

"ಹಾಗಾದ್ರೆ ಮುಂದಿನ ಪಂದ್ಯಕ್ಕೆ ಇನ್ನೊಂದು ಚೀಟಿ ಕೊಡಿ," ಅಂದೆ ನಾನು. "ಎರಡು ಗಂಟೆಗೆ. ಹನ್ನೊಂದನೇ ಪುಟ ಇರೋವರೆಗೂ ಕಾರ್ಡಿನ ಒಡೆಯ ಖುದ್ದಾಗಿ ಬರ್ತಾನೆ."

ಆಗ ತೆರೆದ ಗೇಟಿನಿಂದ ಚಿಸೆಂಗಾ ಹೊರಗೆ ಬಂದ. ಒಮ್ಮೆ ಹೊರಗೆ ಹೋದವರಿಗೆ ಮತ್ತೆ ಪ್ರವೇಶವಿಲ್ಲ ಅಂತ ಧ್ವನಿವರ್ಧಕ ಹೇಳುತ್ತಲೇ ಇತ್ತು.

"ಯಾಕೋ ಬಂದೆ?" ತಾತ ಕೇಳಿದರು. "ನಿನ್ನ ಕಾರ್ಡು ಸರಿಯಿತ್ತಲ್ಲ."

"ಒಳಗೆ ಆಟ ಚೆನ್ನಾಗಿ ಕಾಣುತ್ತೆ, ತಾತ," ಅಂದ ಅವನು ನೆಲ ನೋಡುತ್ತ. "ಕೇಳಿಸಲ್ಲ. ಹಸಿವೂ ಆಯ್ತು."

ಅವನ ಹಿಂದೆ ಇನ್ನಿಬ್ಬರು. ಆಮೇಲೆ ಒಂದು ಕುಟುಂಬ. ಆಮೇಲೆ ಎಣಿಸುವುದು ಬಿಟ್ಟೆ. ಹಸಿರು ಜರ್ಸಿಗಳು ಇದ್ದಿಲ ಗೆರೆಯ ಸುತ್ತ ಮುತ್ತಿಕೊಂಡವು. ಬನಾ ಮುತಾಲೆ ಬಾಣಲೆಯಿಂದ ತಲೆ ಎತ್ತಲಿಲ್ಲ. ಟಿವಿಯವನು ಕ್ಯಾಮೆರಾವನ್ನು ಅತ್ತ ತಿರುಗಿಸಿದ.

ಶಾವಾ ಅದನ್ನು ನೋಡಿದರು. ತಟ್ಟನೆ ಮುಖದ ಮೇಲೆ ನಗು ತಂದುಕೊಂಡು ಒಲೆಯ ಬಳಿ ನಡೆದರು.

"ಕಂಪನಿಯ ಕಡೆಯಿಂದ ಎಲ್ಲರಿಗೂ ಒಂದೊಂದು ಕೊಡಿ, ಅಮ್ಮ. ದುಡ್ಡು ನಾನು ಕೊಡ್ತೀನಿ," ಅಂತ ಜೇಬಿಗೆ ಕೈ ಹಾಕಿದರು. ಬಂದದ್ದು ನೀಲಿ ಕಾರ್ಡು. ಇನ್ನೊಂದು ಜೇಬು ತಡಕಿದರು. ಅಲ್ಲಿ ಏನೂ ಇರಲಿಲ್ಲ.

ಬನಾ ಮುತಾಲೆ ಕಾರ್ಡನ್ನು ನೋಡಿದಳು. ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಇಲ್ಲಿ ಅದು ನಡೆಯಲ್ಲ, ಮಗಾ," ಅಂದಳು, ಬಹಳ ಮೆತ್ತಗೆ. "ನಗದು ಇಲ್ದೋರು ಆ ಗೆರೆಯಿಂದ ಇನ್ನೂರು ಹೆಜ್ಜೆ ಆಚೆ ನಿಲ್ಬೇಕು."

"ಕೋಳೀನೂ ಬಾಕಿ ಐತೆ!" ಸೊಕೊ ಹಿಂದಿನಿಂದ ಕೂಗಿದ.

ಜನರ ನಗು ಗೋಡೆ ದಾಟಿ ಒಳಗೆ ಹೋಗಿರಬೇಕು. ಶಾವಾ ಗೇಟಿನ ಕಡೆ ಹೊರಟುಹೋದರು. ಅವರ ಹಿಂದೆ ಗೇಟು ಮುಚ್ಚಿತು. ಕಾರ್ಡು ನನ್ನ ಕೈಯಲ್ಲೇ ಇತ್ತು. ಯಂತ್ರದ ಲೆಕ್ಕದಲ್ಲಿ ಕಟೊಂಗೊ ಇನ್ನೂ ಬಂದಿರಲಿಲ್ಲ. ಎರಡನೇ ಅರ್ಧ ಶುರುವಾಯಿತು. ತಾತ ಡೋಲಿಗೆ ಕೈ ಹಾಕಿದರು.

ನಾನು ಗೇಟಿನ ಬಳಿ ಬಿಟ್ಟಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು ಒಲೆಯ ಪಕ್ಕದಲ್ಲಿಟ್ಟೆ.

"ಇದು ನಿಮ್ದು. ಕೊನೇ ಪಂದ್ಯದ ದಿನ ಕಟೊಂಗೊ ಇಸ್ಕೊಂಡಿದ್ದ."

ಬನಾ ಮುತಾಲೆ ಸ್ಟೂಲನ್ನು ಎತ್ತಿ ತಲೆಕೆಳಗೆ ಮಾಡಿ ನೋಡಿದಳು. ತಾಮ್ರದ ತಂತಿಯ ಮೇಲೆ ಹೆಬ್ಬೆರಳು ಆಡಿಸಿದಳು. ಸುತ್ತು ಸುತ್ತಿಗೂ ಸಂದಿಲ್ಲದಂತೆ ಬಿಗಿದಿತ್ತು. ತುದಿ ಯಾರ ಬಟ್ಟೆಗೂ ಸಿಕ್ಕದ ಹಾಗೆ ಒಳಗೆ ಮಡಚಿತ್ತು.

"ಈ ತಂತಿ ನಂದಲ್ಲ," ಅಂದಳು.

"ಅವನೇ ಸುತ್ತಿದ್ದು."

"ನಾನು ಕೊಟ್ಟಾಗ ಇದು ಅಲ್ಲಾಡ್ತಿತ್ತು."

ಇಟ್ಟಿಗೆಗಳನ್ನು ಕಾಲಿನಿಂದ ಬದಿಗೆ ತಳ್ಳಿದಳು. ಗೆರೆಯ ಅಂಚಿನಲ್ಲೇ ಸ್ಟೂಲು ಹಾಕಿ, ಗೇಟಿಗೆ ಮುಖ ಮಾಡಿ ಕೂತಳು. ಎಡಕ್ಕೆ ಒಮ್ಮೆ ವಾಲಿ ನೋಡಿದಳು. ಬಲಕ್ಕೆ ಒಮ್ಮೆ ವಾಲಿ ನೋಡಿದಳು.

ಅಲ್ಲಾಡಲಿಲ್ಲ.